ಚೆನ್ನಾಗಿ ಕೇಳಿಸಿಕೊಳ್ಳುವವರಿಗೆ ಅದರಿಂದ ದೊರೆಯುವುದಾದರೂ ಏನು?

ಪ್ರಶ್ನೆ: ಪತ್ತಿನ ಗುಮಾಸ್ತ, ಮಂಡ್ಯ

ಮಾನ್ಯರೆ, ನಾನು ಮಂಡ್ಯ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಬೆಳೆಸಾಲದ ಅರ್ಜಿ, ಹಳೆಯ ಸಾಲದ ನವೀಕರಣ, ಗೊಬ್ಬರದ ವಿತರಣೆ ಎಲ್ಲವೂ ಎರಡೇ ಮೇಜುಗಳ ಮುಂದೆ ನಡೆಯುವ ಸಣ್ಣ ಕಚೇರಿ ನಮ್ಮದು. ಈಚೆಗೆ ನಮಗೆ ಏರ್ಪಡಿಸಿದ್ದ ತರಬೇತಿಯೊಂದರಲ್ಲಿ ಉಪನ್ಯಾಸಕರೊಬ್ಬರು ಉತ್ತಮ ಕೇಳುಗರಾಗುವುದರ ಲಾಭಗಳನ್ನು ಕುರಿತು ಬಹಳ ಹೊತ್ತು ಮಾತನಾಡಿದರು. ನಮ್ಮಲ್ಲಿ ಯಾರಿಗೂ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ ಎಂಬುದನ್ನು ಬದಿಗಿಟ್ಟರೂ, ಅವರು ಹೇಳಿದ ಲಾಭಗಳೆಲ್ಲ ಎದುರಿಗಿರುವವರಿಗೆ ಸೇರಿದವುಗಳೇ ಆಗಿದ್ದವು: ಅವರ ಮನಸ್ಸು ಹಗುರವಾಗುತ್ತದೆ, ಅವರಿಗೆ ಮರ್ಯಾದೆ ಸಿಕ್ಕಂತಾಗುತ್ತದೆ, ಅವರ ಸಿಟ್ಟು ಇಳಿಯುತ್ತದೆ. ಇವೆಲ್ಲ ಒಳ್ಳೆಯದೇ. ಆದರೆ ಕೇಳಿಸಿಕೊಂಡು ಕುಳಿತವನ ಕೈಗೆ ಏನು ಹತ್ತುತ್ತದೆ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಸಾಲದ ನವೀಕರಣಕ್ಕೆಂದು ಬರುವ ರೈತರು ನೇರವಾಗಿ ವಿಷಯಕ್ಕೆ ಬರುವುದು ಅಪರೂಪ. ನಾಲೆಯ ನೀರು ಕೊನೆಯ ಗದ್ದೆಗೆ ತಲುಪದಿರುವುದು, ಕಬ್ಬು ಕಡಿಯಲು ಆಳು ಸಿಗದಿರುವುದು, ಅಣ್ಣನೊಡನೆ ಮಾತು ಬಿಟ್ಟಿರುವುದು, ಮಗಳ ಮದುವೆ, ಹೀಗೆ ಊರೆಲ್ಲ ಸುತ್ತಿದ ಮೇಲೆ ಎದ್ದು ಬಾಗಿಲವರೆಗೆ ಹೋಗಿ, ಅಲ್ಲಿ ತಿರುಗಿ ನಿಂತು, "ಪಾಣಿ ಇನ್ನೂ ನಮ್ಮಪ್ಪನ ಹೆಸರಲ್ಲೇ ಐತೆ ಸಾ, ಅದ್ರಿಂದೇನೂ ತೊಂದ್ರೆ ಆಗಲ್ವಲ್ಲ?" ಎಂದು ಕೇಳುತ್ತಾರೆ. ತಂದೆ ತೀರಿಕೊಂಡು ವರ್ಷಗಳು ಕಳೆದಿದ್ದರೂ ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗಿರುವುದಿಲ್ಲ. ಅದು ಆಗದ ಹೊರತು ಆ ಅರ್ಜಿ ನಮ್ಮ ಮೇಜಿನಿಂದ ಮುಂದಕ್ಕೆ ಹೋಗುವುದಿಲ್ಲ. ನನ್ನ ಪಕ್ಕದ ಮೇಜಿನವರು ಹೀಗೆ ಬಿಡುವುದಿಲ್ಲ. ಎರಡನೆಯ ವಾಕ್ಯಕ್ಕೇ ತಡೆದು "ಅದೆಲ್ಲ ಇರಲಿ, ಪಹಣಿ ಯಾರ ಹೆಸರಲ್ಲಿದೆ ಹೇಳಿ" ಎನ್ನುತ್ತಾರೆ, ಅವರ ಮುಂದಿನ ಸಾಲು ಬೇಗ ಕರಗುತ್ತದೆ, ಮೇಲಿನವರ ಮೆಚ್ಚುಗೆಯೂ ಅವರಿಗೇ ಸಲ್ಲುತ್ತದೆ. ಜನ ನನ್ನನ್ನು "ಒಳ್ಳೆಯವರು, ಹೇಳಿದ್ದನ್ನೆಲ್ಲ ಕೇಳುತ್ತಾರೆ" ಎನ್ನುತ್ತಾರೆ, ಅಷ್ಟೆ.

ನನ್ನ ಪ್ರಶ್ನೆ ಇಷ್ಟು: ಕೇಳಿಸಿಕೊಳ್ಳುವುದು ಬರಿಯ ಸೌಜನ್ಯವೋ, ಅಥವಾ ಕೆಲಸಕ್ಕೆ ಒದಗುವ ಗುಣವೋ? ಉಪದೇಶ ಬೇಡ, ತಮ್ಮ ತಮ್ಮ ವೃತ್ತಿಯಲ್ಲಿ ಕಂಡದ್ದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕುಟುಂಬ ವೈದ್ಯ, ಸರಸ್ವತಿಪುರಂ, ಮೈಸೂರು

ತಮ್ಮ ಬಾಗಿಲ ಬಳಿಯ ಪ್ರಶ್ನೆ ನಮ್ಮ ಕ್ಲಿನಿಕ್ಕಿನಲ್ಲಿಯೂ ಪ್ರತಿದಿನ ಕೇಳಿಬರುತ್ತದೆ. ಔಷಧದ ಚೀಟಿ ಕೈಗೆ ಬಂದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಂದ ಹಾಗೆ ಡಾಕ್ಟ್ರೇ" ಎಂದು ಆರಂಭವಾಗುವ ಮಾತಿನಲ್ಲಿಯೇ ಹಲವು ಸಲ ಅಸಲು ಕಾಯಿಲೆ ಅಡಗಿರುತ್ತದೆ. ಇದು ನಮ್ಮ ಜನರ ಸ್ವಭಾವವೆಂದು ಭಾವಿಸಬೇಕಾಗಿಲ್ಲ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು ಅಮೆರಿಕದಲ್ಲಿ 74 ಸಮಾಲೋಚನೆಗಳ ಧ್ವನಿಮುದ್ರಣವನ್ನು ಪರಿಶೀಲಿಸಿ, ರೋಗಿ ತನ್ನ ಬಾಧೆಯನ್ನು ಹೇಳಲಾರಂಭಿಸಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಾರೆ ಎಂಬುದನ್ನು ತೋರಿಸಿದರು. ತಾವು ಹೇಳಬೇಕೆಂದುಕೊಂಡದ್ದನ್ನು ಪೂರ್ತಿಯಾಗಿ ಹೇಳಿ ಮುಗಿಸಿದವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. ರೋಗಿಗಳು ಮುಖ್ಯವಾದದ್ದನ್ನು ಮೊದಲು ಹೇಳುತ್ತಾರೆಂಬ ನಂಬಿಕೆಗೂ ಅಲ್ಲಿ ಆಧಾರ ದೊರೆಯಲಿಲ್ಲ. ಮೊದಲ ಮಾತಿಗೇ ತಡೆದವರು ಮೊದಲು ಬಂದ ಬಾಧೆಗೆ ಮದ್ದು ಕೊಟ್ಟು ಕಳುಹಿಸುತ್ತಾರೆ, ದೊಡ್ಡದು ಬಾಗಿಲ ಬಳಿ ಉಳಿಯುತ್ತದೆ.

ಮೈಸೂರಿನ ಯಾವ ವೈದ್ಯರನ್ನು ಬೇಕಾದರೂ ಕೇಳಿ, ಎದೆಯಲ್ಲಿ ಏನೇ ಆದರೂ ನಮ್ಮ ಜನ ಅದನ್ನು ಹೇಳುವುದು "ಗ್ಯಾಸ್ಟ್ರಿಕ್" ಎಂಬ ಹೆಸರಿನಲ್ಲಿ. ಅಲ್ಲಿಗೇ ಕೇಳುವುದನ್ನು ನಿಲ್ಲಿಸಿದ ವೈದ್ಯರು ಆಮ್ಲದ ಮಾತ್ರೆ ಬರೆದು ಮುಂದಿನವರನ್ನು ಕರೆಯಬಹುದು. ಒಂದೆರಡು ವಾಕ್ಯ ಮುಂದುವರಿಯಲು ಬಿಟ್ಟರೆ, ಬೆಟ್ಟದ ಮೆಟ್ಟಿಲು ಹತ್ತುವಾಗ ಮಾತ್ರ ಅದು ಬರುತ್ತದೆ, ನಿಂತು ಸುಧಾರಿಸಿಕೊಂಡರೆ ಹೋಗುತ್ತದೆ, ಎಡಗೈಯೂ ಜೋಮು ಹಿಡಿದಂತಾಗುತ್ತದೆ ಎಂಬ ಮಾತುಗಳು ರೋಗಿಯ ಬಾಯಿಂದಲೇ ಬರುತ್ತವೆ. ಶ್ರಮಪಟ್ಟಾಗ ಬಂದು ವಿಶ್ರಾಂತಿಯಲ್ಲಿ ಹೋಗುವ ಎದೆಯ ಬಿಗಿತವೆಂದರೆ ಹೃದಯದ ರಕ್ತನಾಳದ ಕಡೆಗೆ ನೋಡಲೇಬೇಕು. ಹಾಗೆ ನೋಡಬೇಕೆಂದು ತಿಳಿಸಿದ್ದು ಯಂತ್ರವಲ್ಲ, ಆ ಎರಡು ವಾಕ್ಯಗಳು. 1975ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಹೊಸದಾಗಿ ಬಂದ 80 ಹೊರರೋಗಿಗಳ ಪೈಕಿ 66 ಜನರಲ್ಲಿ, ಕಳುಹಿಸಿಕೊಟ್ಟ ವೈದ್ಯರ ಪತ್ರವನ್ನು ಓದಿ ರೋಗಿಯ ಮಾತನ್ನು ಕೇಳಿದಷ್ಟರಿಂದಲೇ ಮಾಡಿದ ರೋಗನಿರ್ಣಯ ಕೊನೆಯವರೆಗೂ ನಿಂತಿತು; ದೇಹದ ತಪಾಸಣೆಯಾಗಲಿ, ಪ್ರಯೋಗಾಲಯದ ಪರೀಕ್ಷೆಯಾಗಲಿ ಉಳಿದ ಕೆಲವರಲ್ಲಿ ಮಾತ್ರ ಅದನ್ನು ಬದಲಿಸಿತು. ಸ್ಕ್ಯಾನಿಂಗ್ ಯಂತ್ರಗಳು ಈಗ ಬಹಳ ಮುಂದುವರಿದಿವೆ ನಿಜ. ಯಾವ ಯಂತ್ರದ ಬಳಿಗೆ ಕಳುಹಿಸಬೇಕೆಂಬುದನ್ನು ನಿರ್ಧರಿಸಲು ಮಾತ್ರ ಈಗಲೂ ಕಿವಿಯೇ ಬೇಕು.

ಆದ್ದರಿಂದ ಕೇಳುವವನಿಗೆ ದೊರೆಯುವ ಮೊದಲ ಲಾಭವೆಂದರೆ ಮಾಹಿತಿ, ಅದೂ ಕೇಳಬೇಕೆಂದು ಅವನಿಗೆ ಹೊಳೆಯದೇ ಇದ್ದ ಮಾಹಿತಿ. ತಮ್ಮ ಸಹೋದ್ಯೋಗಿಗಳಿಗೆ ಅವರು ಕೇಳಿದ ಪ್ರಶ್ನೆಯ ಉತ್ತರವಷ್ಟೇ ಸಿಗುತ್ತದೆ.

ಉತ್ತರ: ಇಂಜಿನಿಯರ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ವೈದ್ಯರ ಮಾತನ್ನು ಒಪ್ಪುತ್ತೇನೆ, ಆದರೆ ಗುಮಾಸ್ತರ ಅಸಮಾಧಾನವನ್ನು ಯಾರೂ ಅಲ್ಲಗಳೆಯಬಾರದು. ಒಬ್ಬರಿಗೊಬ್ಬರು ಅಪರಿಚಿತರಾದ ಕೆಲವರನ್ನು ಒಂದು ಕೋಣೆಯಲ್ಲಿ ಕೂರಿಸಿ ಕೆಲಸವೊಂದನ್ನು ಕೊಟ್ಟರೆ, ಹೆಚ್ಚು ಹೊತ್ತು ಮಾತನಾಡಿದವರನ್ನೇ ಉಳಿದವರು ನಾಯಕರೆಂದು ಗುರುತಿಸುತ್ತಾರೆ, ಆಡಿದ ಮಾತಿನ ಗುಣ ಅಲ್ಲಿ ಹೆಚ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ. ನಮ್ಮ ಕಂಪನಿಗಳ ಸಭೆಗಳನ್ನು ನೋಡಿದವರಿಗೆ ಇದನ್ನು ಸಂಶೋಧನೆಯಿಂದ ತಿಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಅದೇ ಕ್ಷೇತ್ರದ ಇನ್ನೊಂದು ಅಧ್ಯಯನವಿದೆ. 2010ರಲ್ಲಿ ಪ್ರಕಟವಾದ ಅದರಲ್ಲಿ 699 ಜನರನ್ನು ಸಣ್ಣ ಸಣ್ಣ ಗುಂಪುಗಳಾಗಿ ಮಾಡಿ ಬಗೆಬಗೆಯ ಸಮಸ್ಯೆಗಳನ್ನು ಬಿಡಿಸಲು ಕೊಟ್ಟಾಗ, ಒಬ್ಬಿಬ್ಬರೇ ಮಾತನ್ನು ಆವರಿಸಿಕೊಂಡ ಗುಂಪುಗಳಿಗಿಂತ ಮಾತಿನ ಸರದಿ ಎಲ್ಲರಿಗೂ ಹಂಚಿಹೋದ ಗುಂಪುಗಳು ಚೆನ್ನಾಗಿ ಕೆಲಸ ಮಾಡಿದವು. ಬಡ್ತಿ ಮಾತುಗಾರನಿಗೆ ಸಿಗುತ್ತದೆ, ಕೆಲಸ ಕೇಳುವವರಿರುವ ಗುಂಪಿನಲ್ಲಿ ಆಗುತ್ತದೆ. ಇವೆರಡನ್ನೂ ಒಬ್ಬರಲ್ಲಿಯೇ ನೋಡುವ ಮೇಲಧಿಕಾರಿ ಸಿಗುವುದು ಅವರವರ ಅದೃಷ್ಟ.

ಉತ್ತರ: ವಿಜ್ಞಾನದ ಶಿಕ್ಷಕಿ, ಶ್ರೀರಂಗಪಟ್ಟಣ

ವೈದ್ಯರು ಕೇಳುವವರಿಗೆ ಮಾಹಿತಿ ದೊರೆಯುತ್ತದೆ ಎಂದು ಬರೆದಿದ್ದಾರೆ. ಅದಕ್ಕೆ ನಾನು ಇನ್ನೊಂದು ಮಾತನ್ನು ಸೇರಿಸಬಯಸುತ್ತೇನೆ: ಕೇಳುವ ರೀತಿಯಿಂದ ಹೇಳುವವರ ಮಾತೇ ಬದಲಾಗುತ್ತದೆ. ಹೇಳುವವರ ತಲೆಯಲ್ಲಿ ಎಲ್ಲವೂ ಸಿದ್ಧವಾಗಿದ್ದು ಕೇಳುವವರು ಅದನ್ನು ಸುಮ್ಮನೆ ಎತ್ತಿಕೊಳ್ಳುತ್ತಾರೆಂದು ನಾವು ಭಾವಿಸುತ್ತೇವೆ, ಅದು ಹಾಗಿಲ್ಲ.

ಕೆನಡಾದ ಜಾನೆಟ್ ಬವೇಲಾಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಬ್ಬರು ತಾವು ಅಪಾಯದಿಂದ ಕೂದಲೆಳೆಯಲ್ಲಿ ಪಾರಾದ ಪ್ರಸಂಗವನ್ನು ಹೇಳಬೇಕಾಗಿತ್ತು, ಇನ್ನೊಬ್ಬರು ಕೇಳಬೇಕಾಗಿತ್ತು. ಕೇಳುಗರಲ್ಲಿ ಕೆಲವರಿಗೆ, ಹೇಳುವವರ ಅರಿವಿಗೆ ಬಾರದಂತೆ, ಇಂಥ ಅಕ್ಷರದಿಂದ ಆರಂಭವಾಗುವ ಪದಗಳನ್ನು ಎಣಿಸುತ್ತಿರಬೇಕೆಂದು ತಿಳಿಸಲಾಗಿತ್ತು. ಈ ಕೇಳುಗರು ಅತ್ತಿತ್ತ ನೋಡಲಿಲ್ಲ, ಮಾತಿಗೆ ಅಡ್ಡ ಬರಲಿಲ್ಲ, ಪ್ರತಿಯೊಂದು ಪದದ ಮೇಲೂ ಗಮನವಿಟ್ಟಿದ್ದರು. ಅರ್ಥದ ಮೇಲೆ ಮಾತ್ರ ಇಟ್ಟಿರಲಿಲ್ಲ. ಅಷ್ಟರಿಂದಲೇ ಎದುರಿಗೆ ಹೇಳುತ್ತಿದ್ದವರ ಕಥೆ ಕುಸಿಯಿತು. ಎಲ್ಲಕ್ಕಿಂತ ರೋಚಕವಾಗಿರಬೇಕಾದ ಕೊನೆಯ ಭಾಗದಲ್ಲಿಯೇ ಅವರು ತಡವರಿಸಿದರು, ಹೇಳಿದ್ದನ್ನೇ ಹೇಳಿದರು, ಇದರಲ್ಲೇನು ಅಪಾಯವಿತ್ತೆಂದು ವಿವರಿಸುತ್ತಾ ಕುಳಿತರು. ನಮ್ಮ ಕಡೆ ಅಜ್ಜಿಯರು ಕಥೆ ಹೇಳುವಾಗ ಮಕ್ಕಳು ಹ್ಞೂಂಗುಟ್ಟುತ್ತಿರಬೇಕೆಂದು ಹಟ ಹಿಡಿಯುತ್ತಿದ್ದುದು, ಅದು ನಿಂತರೆ ಕಥೆಯೂ ನಿಲ್ಲುತ್ತಿದ್ದುದು ಮಕ್ಕಳಿಗೆ ನಿದ್ರೆ ಬಂತೇ ಎಂದು ತಿಳಿಯುವುದಕ್ಕಷ್ಟೇ ಆಗಿರಲಾರದು ಎಂದು ನನಗೆ ಈ ಪ್ರಯೋಗವನ್ನು ಓದಿದಾಗಿನಿಂದ ಅನ್ನಿಸುತ್ತಿದೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಎಂಬುದು ಕಂಡುಬಂದಿತು. ವಿದ್ಯಾರ್ಥಿ ಉತ್ತರ ನಿಲ್ಲಿಸಿದ ಮೇಲೆಯೂ ಅಷ್ಟೇ. ಒಂದು ಸೆಕೆಂಡಿನೊಳಗೆ "ಸರಿ" ಎಂದೋ "ಅಲ್ಲ" ಎಂದೋ ಮುಂದಿನವರ ಕಡೆಗೆ ತಿರುಗುತ್ತಾರೆ. ಈ ಎರಡೂ ಕಡೆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಹಲವು ಪಟ್ಟು ದೀರ್ಘವಾದವು, "ಗೊತ್ತಿಲ್ಲ" ಎನ್ನುವವರು ಕಡಿಮೆಯಾದರು, ಹಿಂದುಳಿದವರೆಂದು ಶಿಕ್ಷಕರು ಬದಿಗಿಟ್ಟಿದ್ದ ಮಕ್ಕಳೂ ಕೈ ಎತ್ತಿದರು. ನಮ್ಮ ಗ್ರಾಮೀಣ ಮಕ್ಕಳಲ್ಲಿ ನಾನು ವಿಶೇಷವಾಗಿ ಗಮನಿಸಿರುವುದು ಎರಡನೆಯ ಕಾಯುವಿಕೆಯ ಫಲವನ್ನು. "ಗಿಡ ನೀರು ಕುಡಿಯುತ್ತದೆ" ಎಂದು ನಿಲ್ಲಿಸಿದ ಹುಡುಗ, ನಾನು ಏನೂ ಹೇಳದೆ ಅವನ ಮುಖ ನೋಡುತ್ತಿದ್ದರೆ, "ಆದರೆ ಮೇಡಂ, ನಮ್ಮ ಗದ್ದೆಯಲ್ಲಿ ನೀರು ನಿಂತ ಕಡೆ ಕಬ್ಬು ಹಳದಿ ಬರುತ್ತದಲ್ಲ" ಎಂದು ತಾನೇ ಮುಂದುವರಿಸುತ್ತಾನೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲವೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಯೋಜಿಸಲಾರೆ. ಮೂರು ಸೆಕೆಂಡ್ ಸುಮ್ಮನಿರುವುದು ಕೇಳಲು ಸುಲಭ, ನಲವತ್ತು ಮಕ್ಕಳ ಮುಂದೆ ನಿಂತಾಗ ಅದು ಬಹಳ ದೀರ್ಘವಾಗಿ ತೋರುತ್ತದೆ.

ಉತ್ತರ: ವಕೀಲ ಮತ್ತು ಮಧ್ಯಸ್ಥಗಾರ, ಮಂಡ್ಯ

ಗುಮಾಸ್ತರೆ, ತಮ್ಮ ಪ್ರಶ್ನೆಯಲ್ಲಿ ಒಂದು ಸಂಗತಿಯನ್ನು ತಾವು ಸುತ್ತುಮಾತೆಂದು ಕೈಬಿಟ್ಟಿದ್ದೀರಿ. ಆ ರೈತರು ಅಣ್ಣನೊಡನೆ ಮಾತು ಬಿಟ್ಟಿರುವುದನ್ನು ಹೇಳಿದರಲ್ಲ, ವಿಷಯ ಇರುವುದು ಅಲ್ಲಿಯೇ. ಪೌತಿ ಖಾತೆಗೆ ತಂದೆಯ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು. ವಂಶವೃಕ್ಷದಲ್ಲಿ ಎಲ್ಲ ವಾರಸುದಾರರೂ ಇರಬೇಕು. ಅವರಲ್ಲಿ ಒಬ್ಬರು ತಕರಾರು ಹಾಕಿದರೆ ಖಾತೆ ಅಲ್ಲಿಗೇ ನಿಲ್ಲುತ್ತದೆ. ಅಣ್ಣತಮ್ಮಂದಿರು ಮಾತನಾಡದ ಮನೆಯಲ್ಲಿ ಪಹಣಿ ಸತ್ತವರ ಹೆಸರಿನಲ್ಲಿಯೇ ಉಳಿಯುವುದಕ್ಕೆ ಇದೇ ಕಾರಣ. ಅಂದರೆ ಅವರು ಬಾಗಿಲ ಬಳಿ ಹೇಳಿದ್ದು ತೊಡಕಿನ ಹೆಸರನ್ನು ಮಾತ್ರ, ತೊಡಕನ್ನು ಕುರ್ಚಿಯಲ್ಲಿ ಕುಳಿತಿದ್ದಾಗಲೇ ಹೇಳಿದ್ದರು. ತಮ್ಮ ಸಹೋದ್ಯೋಗಿಗಳು "ಪೌತಿ ಖಾತೆ ಮಾಡಿಸಿಕೊಂಡು ಬನ್ನಿ" ಎಂದು ಕಳುಹಿಸಿದ ರೈತರು ಮುಂದಿನ ವರ್ಷವೂ ಅದೇ ಪಹಣಿಯನ್ನು ಹಿಡಿದು ಬರುತ್ತಾರೆ. ಸಾಲು ಬೇಗ ಕರಗಿತೆಂಬುದು ಹೌದು. ಅದೇ ಜನ ಮತ್ತೆ ಬಂದು ಸಾಲಿನಲ್ಲಿ ನಿಲ್ಲುವುದನ್ನು ಯಾರೂ ಲೆಕ್ಕ ಇಡುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಪರಿಷ್ಕೃತ 89ನೆಯ ಕಲಮು 2002ರ ಜುಲೈ 1ರಂದು ಜಾರಿಗೆ ಬಂದ ಮೇಲೆ ನ್ಯಾಯಾಲಯಗಳು ದಾವೆಗಳನ್ನು ಮಧ್ಯಸ್ಥಿಕೆಗೆ ಕಳುಹಿಸಲು ದಾರಿಯಾಯಿತು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು, ಅನಂತರ ಜಿಲ್ಲೆಗಳಿಗೂ ಈ ವ್ಯವಸ್ಥೆ ಬಂದಿತು. ನಮಗೆ ಕೊಡುವ 40 ಗಂಟೆಗಳ ತರಬೇತಿಯಲ್ಲಿ ವಕೀಲರಿಗೆ ಕಷ್ಟವಾಗುವ ಭಾಗ ಕಾನೂನಲ್ಲ, ಕೇಳುವುದು. ವಕೀಲನ ಕಿವಿ ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕಲು ಪಳಗಿರುತ್ತದೆ. ಅವರು ಹೇಳುತ್ತಿರುವಾಗಲೇ ನಮ್ಮ ಪಾಟೀಸವಾಲು ಸಿದ್ಧವಾಗುತ್ತಿರುತ್ತದೆ. ಮಧ್ಯಸ್ಥಿಕೆಯಲ್ಲಿ ಅದು ನಿಷ್ಪ್ರಯೋಜಕ. ಇಲ್ಲಿ ಒಬ್ಬರು ಹೇಳುವಾಗ ಇನ್ನೊಬ್ಬರು ತಡೆಯುವಂತಿಲ್ಲ, ಹೇಳಿ ಮುಗಿಸಿದ ಮೇಲೆ ಮಧ್ಯಸ್ಥಗಾರ ಅದನ್ನು ತನ್ನ ಮಾತಿನಲ್ಲಿ ಹಿಂದಿರುಗಿ ಹೇಳಿ, "ನಾನು ತಿಳಿದುಕೊಂಡದ್ದು ಸರಿಯೆ?" ಎಂದು ಕೇಳುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿ ಇನ್ನೂ ಕಠಿಣವಾದ ನಿಯಮವೊಂದನ್ನು ಸೂಚಿಸಿದ್ದರು: ವಾದಕ್ಕಿಳಿದ ಇಬ್ಬರಲ್ಲಿ ಯಾರೇ ಆಗಲಿ, ಹಿಂದಿನವರು ಹೇಳಿದ್ದನ್ನು ಅವರಿಗೆ ಸಮಾಧಾನವಾಗುವಷ್ಟು ನಿಖರವಾಗಿ ಮರುನುಡಿದ ಬಳಿಕವೇ ತಮ್ಮ ಮಾತನ್ನು ಆಡಬೇಕು. ಮನೆಯಲ್ಲಿ ಪ್ರಯತ್ನಿಸಿ ನೋಡಿ, ಅರ್ಧ ಜಗಳ ಮರುನುಡಿಯುವಾಗಲೇ ಮುಗ್ಗರಿಸುತ್ತದೆ.

ಪ್ರಕರಣಗಳ ವಿವರ ಗೋಪ್ಯವಾದ್ದರಿಂದ ಸಾಮಾನ್ಯವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಪಾಲುಪಾರಿಕತ್ತಿನ ವ್ಯಾಜ್ಯಗಳಲ್ಲಿ ಕಾಗದದ ಮೇಲೆ ಇರುವುದು ಎರಡು ಗುಂಟೆ ಹೆಚ್ಚುಕಡಿಮೆ, ಕೊಳವೆಬಾವಿಯಲ್ಲಿ ಪಾಲು, ಓಡಾಡುವ ದಾರಿ. ತಡೆಯಿಲ್ಲದೆ ಹೇಳಲು ಬಿಟ್ಟರೆ ಹೊರಬರುವುದು ಬೇರೆ: ತಾಯಿಯ ಆಸ್ಪತ್ರೆಯ ಖರ್ಚನ್ನು ಒಬ್ಬರೇ ಹೊತ್ತದ್ದು, ಅದನ್ನು ಇನ್ನೊಬ್ಬರು ಒಂದು ಮಾತಿನಲ್ಲಿಯೂ ನೆನೆಯದಿದ್ದುದು. ತೀರ್ಪಿನಲ್ಲಿ ಇದಕ್ಕೆ ಜಾಗವಿಲ್ಲ. ಆದರೆ "ನೀನು ನೋಡ್ಕೊಂಡೆ ಕಣಣ್ಣ, ಅದು ನಂಗೂ ಗೊತ್ತು" ಎಂಬ ಒಂದು ಮಾತು ಬಂದ ಮೇಲೆ ಎರಡು ಗುಂಟೆಯ ಲೆಕ್ಕ ಅರ್ಧ ದಿನದ ಕೆಲಸ. ಕೇಳಿದರೆ ಎಲ್ಲವೂ ಬಗೆಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆಸ್ತಿಯ ಬೆಲೆ ಏರಿರುವ ಹೆದ್ದಾರಿಯ ಪಕ್ಕದ ಊರುಗಳಲ್ಲಿ ಯಾವ ಮಾತಿಗೂ ಕರಗದ ವ್ಯಾಜ್ಯಗಳು ಬೇಕಾದಷ್ಟಿವೆ. ಅವು ಏಕೆ ಕರಗುವುದಿಲ್ಲವೆಂದು ತಿಳಿಯುವುದಕ್ಕೂ ಕೇಳಲೇಬೇಕು.

ಉತ್ತರ: ಗೃಹಿಣಿ, ಒಂಟಿಕೊಪ್ಪಲು, ಮೈಸೂರು

ಇಲ್ಲಿಯವರೆಗೆ ಬರೆದವರೆಲ್ಲರಿಗೂ ಕೇಳುವುದಕ್ಕೆ ಒಂದು ಮೇಜು, ಒಂದು ಹೊತ್ತು, ಒಂದು ಹುದ್ದೆ ಇದೆ. ರೋಗಿ ಎದ್ದು ಹೋಗುತ್ತಾರೆ, ಗಂಟೆ ಬಾರಿಸುತ್ತದೆ, ಕಲಾಪ ಮುಗಿಯುತ್ತದೆ. ಮನೆಯಲ್ಲಿ ಕೇಳುವವರಿಗೆ ಇದಾವುದೂ ಇಲ್ಲ. ಅತ್ತೆಯವರ ಬೇಸರ, ನಾದಿನಿಯ ಕಷ್ಟ, ಪಕ್ಕದ ಮನೆಯವರ ಸಂಕಟ ಎಲ್ಲವೂ ಒಬ್ಬಳ ಬಳಿಗೇ ಬರುತ್ತವೆ, ಏಕೆಂದರೆ "ಅವಳು ಚೆನ್ನಾಗಿ ಕೇಳುತ್ತಾಳೆ" ಎಂಬ ಹೆಸರು ಬಂದುಬಿಟ್ಟಿರುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕೇಳುವುದನ್ನು ಗುಣವೆಂದು ಕಲಿಸುವುದಿಲ್ಲ, ಕರ್ತವ್ಯವೆಂದು ಹೊರಿಸುತ್ತಾರೆ. ಅವಳ ಮಾತನ್ನು ಯಾರು ಕೇಳಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಲಾಭವೇ ಇಲ್ಲವೆಂದು ನಾನು ಹೇಳಲಾರೆ. ಮನೆಯಲ್ಲಿ ಯಾರಿಗೆ ಯಾವುದು ನೋಯುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಮದುವೆ, ಮನೆ ಕಟ್ಟುವುದು, ಯಾರನ್ನು ಯಾರ ಜೊತೆ ಊಟಕ್ಕೆ ಕರೆಯಬಾರದು ಎಂಬಂಥ ನಿರ್ಧಾರಗಳಲ್ಲಿ ನನ್ನ ಮಾತು ನಿಲ್ಲುವುದು ಇದರಿಂದಲೇ. ಆದರೆ ಒಂದೇ ಕಥೆಯನ್ನು ಪ್ರತಿದಿನ ಕೇಳುವುದರಿಂದ ಹೇಳುವವರಿಗೂ ಒಳ್ಳೆಯದಾಗುವುದಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ನನ್ನ ಮಗಳು ಮನಶ್ಶಾಸ್ತ್ರ ಓದುತ್ತಿದ್ದಾಳೆ. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಶಾಲಾ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನವನ್ನು ಅವಳು ತೋರಿಸಿದಳು: ಗೆಳತಿಯರಿಬ್ಬರು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಕೆದಕಿ ಮಾತನಾಡುವುದರೊಂದಿಗೆ ಸ್ನೇಹವೂ ಗಾಢವಾಗಿರುತ್ತದೆ, ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಿರುತ್ತವೆ. ಆದ್ದರಿಂದ ನಾನು ಈಗ ಮೊದಲ ಸಲ ಪೂರ್ತಿಯಾಗಿ ಕೇಳುತ್ತೇನೆ. ಅದೇ ಮಾತು ಮತ್ತೆ ಬಂದಾಗ "ಈಗ ಏನು ಮಾಡೋಣ ಅಂತೀಯ?" ಎನ್ನುತ್ತೇನೆ. ಕೆಲವರಿಗೆ ಇದರಿಂದ ಬೇಸರವಾಗಿದೆ, ಆಗಲಿ. ನಿದ್ರೆ ಬಿಟ್ಟವರು, ಬದುಕೇ ಬೇಡವೆನ್ನುವವರು ಬಂದರೆ ಅದು ನನ್ನಂಥವರ ಕಿವಿಗೆ ಮೀರಿದ್ದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಒತ್ತಿಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವಷ್ಟು ನಾನು ಮಾಡಬಲ್ಲೆ.

ಪ್ರಶ್ನಿಸಿದವರು: ಪತ್ತಿನ ಗುಮಾಸ್ತ, ಮಂಡ್ಯ

ಎಲ್ಲರಿಗೂ ವಂದನೆಗಳು. ವಕೀಲರು ಅಣ್ಣನ ವಿಷಯವನ್ನು ಎತ್ತಿ ತೋರಿಸಿದ ಮೇಲೆ ಕಳೆದ ವಾರದ ಕೆಲವು ಅರ್ಜಿಗಳು ಕಣ್ಣ ಮುಂದೆ ಬಂದವು. ಒಂಟಿಕೊಪ್ಪಲಿನ ಮೇಡಂ ಅವರು ಹೇಳಿದ ಮಿತಿಯೂ ನ್ಯಾಯವಾದುದೇ. ಉಳಿದಿರುವುದು ಒಂದೇ ತೊಡಕು, ಸಮಯ. ಹಂಗಾಮಿನಲ್ಲಿ ಹೊರಗೆ ಜಗಲಿಯ ತುಂಬ ಜನ ಕುಳಿತಿರುವಾಗ ಒಬ್ಬೊಬ್ಬರಿಗೂ ಪೂರ್ತಿ ಹೇಳಲು ಬಿಟ್ಟರೆ ಸಂಜೆಯಾದರೂ ಮುಗಿಯದು. ಹಾಗೆಯೇ, ನಾನು ಕೇಳುತ್ತಿದ್ದೇನೆಂದುಕೊಂಡರೂ ಮನಸ್ಸು ಎಲ್ಲೋ ಹೋಗಿರುತ್ತದೆ, ಇದೇಕೆ?

ಉತ್ತರ: ಶ್ರವಣತಜ್ಞೆ, ಮೈಸೂರು

ಮನಸ್ಸು ಎಲ್ಲೋ ಹೋಗುವುದಕ್ಕೆ ತಮ್ಮನ್ನು ದೂರಿಕೊಳ್ಳಬೇಡಿ. ಕೇಳುವಿಕೆಯನ್ನು ಕುರಿತು ಮೊದಲಿಗೆ ಸಂಶೋಧನೆ ನಡೆಸಿದವರಲ್ಲಿ ಒಬ್ಬರಾದ ರಾಲ್ಫ್ ನಿಕೋಲ್ಸ್ 1957ರಲ್ಲಿಯೇ ಇದನ್ನು ವಿವರಿಸಿದ್ದರು: ಇಂಗ್ಲಿಷ್ ಮಾತಿನ ವೇಗ ನಿಮಿಷಕ್ಕೆ ಸುಮಾರು 125 ಪದ, ಯೋಚನೆಯ ವೇಗ ಅದಕ್ಕಿಂತ ಬಹಳ ಹೆಚ್ಚು, ಹೀಗಾಗಿ ಮಿದುಳಿಗೆ ಬಿಡುವು ಸಿಕ್ಕಿ ಅದು ಅಲೆಯಲು ಹೋಗುತ್ತದೆ. ಎಷ್ಟೇ ಗಮನವಿಟ್ಟು ಕೇಳಿದೆವೆಂದುಕೊಂಡರೂ, ಕೇಳಿದ ತಕ್ಷಣವೇ ಸಾಮಾನ್ಯರಿಗೆ ನೆನಪಿರುವುದು ಸುಮಾರು ಅರ್ಧ ಎಂದೂ ಅವರು ಬರೆದರು. ಇನ್ನೊಂದು ಕಾರಣವೂ ಇದೆ. ಜಪಾನಿ, ಡೇನಿಶ್ ಮೊದಲಾದ ಹತ್ತು ಭಾಷೆಗಳ ಸಂಭಾಷಣೆಯನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಆರಂಭವಾಗುವುದರ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟಿತ್ತು. ಒಂದೇ ಒಂದು ಪದವನ್ನು ಯೋಚಿಸಿ ಉಚ್ಚರಿಸಲು ಇದಕ್ಕಿಂತ ಹೆಚ್ಚು ಕಾಲ, ಸುಮಾರು ಅರ್ಧ ಸೆಕೆಂಡಿಗೂ ಮೇಲೆ, ಬೇಕಾಗುತ್ತದೆ. ಅಂದರೆ ಎದುರಿನವರು ಮಾತನಾಡುತ್ತಿರುವಾಗಲೇ ನಾವೆಲ್ಲರೂ ಉತ್ತರವನ್ನು ಹೊಂದಿಸಿಕೊಳ್ಳುತ್ತಿರುತ್ತೇವೆ. ವಕೀಲರು ತಮ್ಮ ವೃತ್ತಿಯ ರೂಢಿಯೆಂದು ಹೇಳಿದ್ದು ಸ್ವಲ್ಪಮಟ್ಟಿಗೆ ಮನುಷ್ಯಮಾತ್ರರ ರೂಢಿ. ಮಾತನ್ನು ಹಿಂದಿರುಗಿ ಹೇಳಬೇಕೆಂಬ ನಿಯಮ ಉಪಯುಕ್ತವಾಗುವುದು ಇಲ್ಲಿಯೇ: ಹೊಂದಿಸಿಕೊಳ್ಳಬೇಕಾದ ಉತ್ತರವೇ ಅವರ ಮಾತು ಎಂದಾದಾಗ ಮಿದುಳು ಅದನ್ನು ಬಿಟ್ಟು ಎಲ್ಲಿಗೂ ಹೋಗಲಾಗದು.

ಇದರ ಜೊತೆಗೆ ನಮ್ಮ ವೃತ್ತಿಯ ಒಂದು ಎಚ್ಚರಿಕೆ. "ನಮ್ಮ ಯಜಮಾನರು ಹೇಳಿದ್ದನ್ನು ಕೇಳುವುದೇ ಇಲ್ಲ" ಎಂಬ ದೂರಿನ ಹಿಂದೆ ಕೆಲವೊಮ್ಮೆ ಶ್ರವಣದೋಷವಿರುತ್ತದೆ. ವಯಸ್ಸಿನಿಂದ ಬರುವ ದೋಷದಲ್ಲಿ ಹೆಚ್ಚು ಕಂಪನಾಂಕದ ಧ್ವನಿಗಳು ಮೊದಲು ಮಸುಕಾಗುತ್ತವೆ. ಸ್ವರಗಳು ಕೇಳುತ್ತವೆ, ಸಕಾರದಂಥ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದಲೇ ಅವರು "ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎನ್ನುತ್ತಾರೆ, ಫ್ಯಾನು ಮತ್ತು ಟಿವಿಯ ಸದ್ದಿನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ತಮ್ಮ ಮೇಜಿನ ಮುಂದೆ ಇಂಥ ಹಿರಿಯರು ಕುಳಿತರೆ ಕೂಗಬೇಡಿ, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿ. ತಪಾಸಣೆಗೆ ದೂರ ಹೋಗಬೇಕಾಗಿಲ್ಲ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಮಾನಸಗಂಗೋತ್ರಿಯಲ್ಲಿದೆ.

ಉತ್ತರ: ಕುಟುಂಬ ವೈದ್ಯ, ಸರಸ್ವತಿಪುರಂ, ಮೈಸೂರು

ಸಮಯದ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಸ್ವಿಟ್ಜರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ, ರೋಗಿ ತಾನಾಗಿ ನಿಲ್ಲಿಸುವವರೆಗೆ ತಡೆಯಬಾರದೆಂದು ವೈದ್ಯರಿಗೆ ತಿಳಿಸಿ, 335 ರೋಗಿಗಳ ಮಾತಿನ ಅವಧಿಯನ್ನು ಗುಟ್ಟಾಗಿ ಅಳೆದು 2002ರಲ್ಲಿ ಪ್ರಕಟಿಸಿದರು. ಸರಾಸರಿ 92 ಸೆಕೆಂಡ್. ನೂರರಲ್ಲಿ 78 ಜನ ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದ್ದರು. ನಮ್ಮ ಕಡೆಯವರು ಸ್ವಿಸ್ ಜನರಿಗಿಂತ ಮಾತಿನಲ್ಲಿ ಧಾರಾಳಿಗಳೆಂದು ಒಪ್ಪಿಕೊಂಡು ಇದನ್ನು ಎರಡರಷ್ಟು ಮಾಡಿದರೂ ಮೂರು ನಿಮಿಷ ಚಿಲ್ಲರೆ. ಮಾತು ಬೆಳೆಯುವುದು ಹೆಚ್ಚಾಗಿ ತಡೆದಾಗ: ತಡೆದ ಮಾತನ್ನು ಜನ ಮತ್ತೆ ಮೊದಲಿನಿಂದ ಹೇಳುತ್ತಾರೆ.

ತಾವು ಮಾಡಬಹುದಾದ ಇನ್ನೊಂದು ಸಣ್ಣ ಬದಲಾವಣೆ ಕೊನೆಯ ಪ್ರಶ್ನೆಯದು. "ಇನ್ನೇನೂ ಇಲ್ಲ ತಾನೆ?" ಎಂದು ಕೇಳಿದರೆ ಮರ್ಯಾದಸ್ಥರು "ಇಲ್ಲ ಸಾ" ಎಂದು ಎದ್ದುಬಿಡುತ್ತಾರೆ, ಬಾಗಿಲ ಬಳಿ ನೆನಪಾಗುತ್ತದೆ. "ಇನ್ನೂ ಏನೋ ಹೇಳಬೇಕು ಅಂದುಕೊಂಡು ಬಂದಿದ್ದೀರಿ, ಅದನ್ನೂ ಹೇಳಿಬಿಡಿ" ಎಂದರೆ ಉತ್ತರ ಬೇರೆ ಬರುತ್ತದೆ. 2007ರಲ್ಲಿ ಅಮೆರಿಕದ ವೈದ್ಯರಲ್ಲಿ ಇಂಥದೇ ಎರಡು ಬಗೆಯ ಪ್ರಶ್ನೆಗಳನ್ನು ಹೋಲಿಸಿದಾಗ, ಹೇಳಲಿಕ್ಕಿದೆ ಎಂದು ಊಹಿಸಿಕೊಂಡು ಕೇಳಿದ ಪ್ರಶ್ನೆಯಿಂದ ಹೇಳದೆ ಉಳಿದುಹೋಗುವ ದೂರುಗಳು ಬಹುಮಟ್ಟಿಗೆ ಕಡಿಮೆಯಾದವು, ಭೇಟಿಯ ಅವಧಿ ಮಾತ್ರ ಹೆಚ್ಚಲಿಲ್ಲ. ಈ ಪ್ರಶ್ನೆಯನ್ನು ಅವರು ಕುರ್ಚಿಯಿಂದ ಏಳುವ ಮೊದಲು, ಕಾಗದಗಳನ್ನು ತಾವು ಹಿಂದಿರುಗಿಸುವ ಮೊದಲು ಕೇಳಬೇಕು. ಕಾಗದ ಕೈಗೆ ಬಂದರೆ ಭೇಟಿ ಮುಗಿಯಿತೆಂದೇ ಅರ್ಥ. ಮಾರ್ಚ್ ಕೊನೆಯ ವಾರದ ಮರುಪಾವತಿಯ ಗಲಾಟೆಯಲ್ಲಿ ಇದನ್ನು ಆರಂಭಿಸಬೇಡಿ. ಜನ ಕಡಿಮೆಯಿರುವ ತಿಂಗಳಲ್ಲಿ ರೂಢಿ ಮಾಡಿಕೊಂಡು, ಪೌತಿ ಖಾತೆಗಾಗಿ ಹಿಂದಿರುಗಿ ಬರುವವರ ಒಂದು ಪಟ್ಟಿಯನ್ನು ತಮ್ಮ ಮೇಜಿಗೂ ಪಕ್ಕದ ಮೇಜಿಗೂ ಬೇರೆ ಬೇರೆಯಾಗಿ ಇಟ್ಟು ನೋಡಿ.